ಭವ್ಯಳ ಕಥೆಯಿಂದ ಹೊಡೆದುಹಾಕಿಸಿದ ಎರಡು ಸಾಲು

ಭವ್ಯ, ನಿನ್ನ ಕಥೆಯಿಂದ ಆ ಎರಡು ಸಾಲನ್ನು ನಾನು ಹೊಡೆದುಹಾಕಿಸಿದ್ದು ಕಥೆ ಚೆನ್ನಾಗಲಿ ಎಂದಲ್ಲ. ನನಗೆ ಹೆದರಿಕೆಯಾಗಿತ್ತು — ಅಷ್ಟೇ. ಐದನೇ ತರಗತಿಯ ಹುಡುಗಿಯ ನೋಟ್‌ಬುಕ್ಕಿಗೆ ಹೆದರಿದ ಮೇಷ್ಟ್ರು ನಾನು. ಎಂಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ.

ನಾನು ಐ.ಡಿ.ಹಳ್ಳಿ ಕಡೆಯ ದಲಿತರ ಕೇರಿಯಲ್ಲಿ ಹುಟ್ಟಿದವನು ಎಂಬುದು ನಿನಗೆ ಗೊತ್ತು. ಕೊಳಾಲದ ಹತ್ತಿರದ ನಿಮ್ಮೂರ ಶಾಲೆಗೆ ವರ್ಗವಾಗಿ ಬಂದಾಗ, ಮಠದ ಬೀದಿಯಲ್ಲಿ ನನಗೆ ಬಾಡಿಗೆ ಮನೆ ಹೇಗೆ ಸಿಕ್ಕಿತು ಎಂಬುದು ನಿನಗೆ ಗೊತ್ತಿಲ್ಲ. ಮನೆ ಯಜಮಾನಿ ಗೌರಮ್ಮನವರು ಹಣೆ ತುಂಬ ವಿಭೂತಿ ಇಟ್ಟುಕೊಂಡು ಬಾಗಿಲಲ್ಲಿ ನಿಂತು ಕೇಳಿದರು — “ನಮ್ಮೋರೇ ತಾನೆ ಮೇಷ್ಟ್ರೇ?” ನಾನು ಹೂಂ ಎಂದೆ. ಅಂದೇ ಬುದ್ಧನ ಪಟ ಟ್ರಂಕಿನ ತಳ ಸೇರಿತು. ನೋಡಿಹೋಗಲು ಬರುತ್ತೇನೆ ಎಂದು ಅವ್ವ ಫೋನು ಮಾಡಿದಾಗಲೆಲ್ಲ ಏನೋ ಒಂದು ನೆಪ ಹೇಳಿದೆ. ಗೌರಮ್ಮನವರು ಒಳ್ಳೆಯವರು, ಹಬ್ಬಕ್ಕೆ ಒಳಗೆ ಕೂರಿಸಿ ಹೋಳಿಗೆ ಬಡಿಸುತ್ತಿದ್ದರು. ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೆಟ್ಟಿಲ ಮೇಲೆ ಯಾರದಾದರೂ ಹೆಜ್ಜೆ ಸಪ್ಪಳವಾದರೆ — ಗೊತ್ತಾಯಿತೇನೋ, ಕೇಳಲು ಬಂದರೇನೋ — ಎಂದು ಕೂತಲ್ಲೇ ಬೆವರುತ್ತಿದ್ದೆ.

ಶಾಲೆಯಲ್ಲಿ ಮಾತ್ರ ನಾನು ಹುಲಿ. ಮಕ್ಕಳು ಬರೆದ ಕಥೆಯನ್ನು ಮಕ್ಕಳೇ ತಿದ್ದಬೇಕು ಎಂಬುದು ನನ್ನ ಹಟ. ಕೆಂಪು ಪೆನ್ನು ಮುಟ್ಟುತ್ತಿರಲಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದು. ಈ ಸಾಲು ಇಲ್ಲದಿದ್ದರೆ ಕಥೆಗೆ ಏನಾಗುತ್ತದೆ ಎಂದು ಕೇಳಿಕೋ. ಏನೂ ಆಗದಿದ್ದರೆ ಹೊಡೆದುಹಾಕು, ಆಗುವಂತಿದ್ದರೆ ಯಾರು ಹೇಳಿದರೂ ಬಿಡಬೇಡ — ಇಷ್ಟೇ ಪಾಠ. ಬೇರೆ ಶಾಲೆಯ ಮೇಷ್ಟ್ರುಗಳು ಬಂದು ನೋಡಿ ಹೋಗುತ್ತಿದ್ದರು. ನಾನು ಉಬ್ಬುತ್ತಿದ್ದೆ.

ನಿನಗೆ ಜ್ವರ ಬಂದು ವಾರವಿಡೀ ಶಾಲೆಗೆ ಬರದಿದ್ದಾಗ ನೋಡಲು ನಿಮ್ಮ ಮನೆಗೆ ಬಂದೆ. ನಿನ್ನ ಅಜ್ಜಿ ಹನುಮಕ್ಕ ನನ್ನ ಮುಖವನ್ನೇ ದಿಟ್ಟಿಸಿದರು. “ನೀನು ಮಾರಕ್ಕನ ಮಗ ಅಲ್ವೇನಪ್ಪ? ನಿಮ್ಮವ್ವನೂ ನಾನೂ ಒಂದೇ ಕೇರೀಲಿ ಆಡ್ಕಂಡು ಬೆಳ್ದೋರು ಕಣಪ್ಪ.” ಮುದ್ದೆ ಬಡಿಸಿದರು. ನಾನು ಉಣ್ಣುವುದನ್ನು ನೋಡುತ್ತಾ, ನಮ್ಮ ಮಾರಿ ಮಗ ಮೇಷ್ಟ್ರಾಗವ್ನೆ ಎಂದು ಅತ್ತುಬಿಟ್ಟರು. ಎಷ್ಟೋ ದಿನದ ಮೇಲೆ ಅಂದು ಹೊಟ್ಟೆ ತುಂಬ ಉಂಡೆ.

ನೀನು ಅದನ್ನೇ ಕಥೆ ಮಾಡಿದೆ. ಶನಿವಾರ ಊರವರ ಎದುರು ಮಕ್ಕಳು ಕಥೆ ಓದಬೇಕಿತ್ತು. ಗೌರಮ್ಮನವರ ಯಜಮಾನರು ಶಾಲಾ ಸಮಿತಿಯವರು, ಮುಂದಿನ ಕುರ್ಚಿಯಲ್ಲೇ ಕೂರುವವರು. ಶುಕ್ರವಾರ ಮಧ್ಯಾಹ್ನ ನಿನ್ನ ನೋಟ್‌ಬುಕ್ಕಿನಲ್ಲಿ ಕಂಡೆ: ‘ನಮ್ಮ ಮೇಷ್ಟ್ರು ನಮ್ಮ ಜನವೇ. ಅವರ ಅವ್ವ, ನಮ್ಮಜ್ಜಿ ಒಂದೇ ಕೇರಿಯವರು.’

“ಈ ಎರಡು ಸಾಲು ಬೇಕಾ ಭವ್ಯ?” ಎಂದೆ.

“ಬೇಕು ಸಾ. ಅದ್ಕೇ ಅಲ್ವಾ ಅಜ್ಜಿ ಅತ್ತಿದ್ದು?”

ಸರಿಯಾದ ಉತ್ತರ. ನಾನು ಕಲಿಸಿದ ಪಾಠವನ್ನು ನೀನು ನನಗಿಂತ ಚೆನ್ನಾಗಿ ಕಲಿತಿದ್ದೆ. ಬೇರೆ ದಿನವಾಗಿದ್ದರೆ ತರಗತಿಗೆಲ್ಲ ಹೇಳಿ ಚಪ್ಪಾಳೆ ಹೊಡೆಸುತ್ತಿದ್ದೆ. ಅಂದು ಬಗ್ಗಿ, ಬೇರೆಯವರಿಗೆ ಕೇಳಿಸದಂತೆ ಅಂದೆ — “ಅದು ಹೇಳ್ಕೊಳ್ಳೋ ಮಾತಲ್ಲ ಕಣಮ್ಮ. ಹೊಡೆದಾಕ್ಬುಡು.”

ನೀನು ನನ್ನನ್ನು ನೋಡಿದೆ. ನಿನಗೆ ಏನು ಅರ್ಥವಾಯಿತೋ — ಹತ್ತು ವರ್ಷದ ಮಕ್ಕಳಿಗೆ ಎಲ್ಲ ಅರ್ಥವಾಗುತ್ತದೆ, ಮರೆಯುವವರು ನಾವು. ನೀನೇ ಪೆನ್ಸಿಲು ತೆಗೆದು, ಕಾಗದ ಹರಿಯುವಷ್ಟು ಒತ್ತಿ ಗೆರೆ ಎಳೆದೆ.

ಶನಿವಾರ ಅಜ್ಜಿಯೂ ಬಂದಿದ್ದರು, ಹಿಂದೆ ಗೋಡೆಗೆ ಒರಗಿ ಕೂತಿದ್ದರು. ನೀನು ಓದಿದೆ. ಮೇಷ್ಟ್ರು ಬಂದರು, ಮುದ್ದೆ ಉಂಡರು, ಅಜ್ಜಿ ಅತ್ತರು. ನಾನು ಕೇರಿಯಲ್ಲಿ ಉಂಡದ್ದನ್ನು ದೊಡ್ಡತನವೆಂದು ತಿಳಿದ ಗೌರಮ್ಮನವರ ಯಜಮಾನರು ನಗುತ್ತಾ ಕೇಳಿದರು, “ಮುದುಕಿ ಯಾಕೆ ಅತ್ತಳವ್ವ, ಮುದ್ದೆ ಖಾಲಿಯಾಯ್ತು ಅಂತಲಾ?” ಎಲ್ಲರೂ ನಕ್ಕರು. ನೀನು ಉತ್ತರಕ್ಕಾಗಿ ನನ್ನ ಕಡೆ ತಿರುಗಿದೆ. ನಾನು — ಇದನ್ನು ಬರೆಯಲು ಈಗಲೂ ಕೈ ಬರುತ್ತಿಲ್ಲ — “ಈರುಳ್ಳಿ ಹೆಚ್ಚುತ್ತಾ ಇದ್ರು ಅಂತ ಕಾಣುತ್ತೆ” ಎಂದೆ. ನಗು ಜೋರಾಯಿತು. ಅಜ್ಜಿಯೂ ನಕ್ಕರು. ನನ್ನನ್ನು ಉಳಿಸಲು ನಕ್ಕರು. ಅಂದಿನಿಂದ ಅವರು ದಾರಿಯಲ್ಲಿ ಸಿಕ್ಕರೆ ಸೆರಗು ಸರಿಮಾಡಿಕೊಂಡು “ನಮಸ್ಕಾರ ಸಾ” ಎನ್ನುತ್ತಾರೆ. ಮಾರಕ್ಕನ ಮಗ ಎಂದು ಮತ್ತೆ ಕರೆಯಲಿಲ್ಲ. ನಿಮ್ಮ ಕೇರಿಯ ಒಬ್ಬರ ಬಾಯಿಂದಲೂ ಆ ಮಾತು ಹೊರಬರಲಿಲ್ಲ. ಅವರೇ ಎಲ್ಲರಿಗೂ ಹೇಳಿ ತಡೆದಿರಬೇಕು.

ನಿನ್ನ ಆಮೇಲಿನ ಕಥೆಗಳಲ್ಲಿ ನಿಮ್ಮ ಮನೆ ಇರಲಿಲ್ಲ. ಜಗಲಿಯಿರುವ, ತುಳಸಿಕಟ್ಟೆಯಿರುವ ಯಾರದೋ ಮನೆ. ಅದರೊಳಗೆ ಯಾರದೋ ಅಜ್ಜಿ. ತಿದ್ದಲು ಏನೂ ಉಳಿಯದಷ್ಟು ನುಣುಪಾದ ಕಥೆಗಳು. ಒಂದೊಂದರ ಕೆಳಗೂ ‘ಚೆನ್ನಾಗಿದೆ’ ಎಂದು ಬರೆದೆ.

ಇಷ್ಟಾಗಿಯೂ ನಾನು ಸುಮ್ಮನೇ ಇದ್ದುಬಿಡುತ್ತಿದ್ದೆನೇನೋ. ಹೋದ ತಿಂಗಳು ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ನೀನು ಕಾಲೇಜಿನ ಗೆಳತಿಯರ ಜೊತೆ ಸಿಕ್ಕೆ. ನಮ್ಮ ಮೇಷ್ಟ್ರು ಎಂದು ಪರಿಚಯಿಸಿದೆ. ಒಬ್ಬ ಹುಡುಗಿ, ಊರಲ್ಲಿ ನಿಮ್ಮನೆ ಎಲ್ಲೇ ಬರುತ್ತೆ ಎಂದಳು. ನೀನು ಒಂದು ಕ್ಷಣವೂ ತಡಮಾಡಲಿಲ್ಲ. “ಮಠದ ಬೀದೀಲಿ ಕಣೇ. ನಮ್ಮ ಸಾರ್ ಮನೆ ಪಕ್ಕಾನೇ. ಅಲ್ವಾ ಸಾ?” ಎಂದು ನನ್ನ ಮುಖ ನೋಡಿದೆ. ನಾನು ಹೂಂ ಎಂದೆ.

ಬಸ್ಸಿನಲ್ಲಿ ಮತ್ತೆ ಹೆದರಿಕೆಯಾಯಿತು. ನನಗಾಗಿ ಅಲ್ಲ. ಆ ಹುಡುಗಿಯರಲ್ಲಿ ಒಬ್ಬಳು ಒಂದು ದಿನ ನಿನ್ನ ಜೊತೆ ಊರಿಗೆ ಬರುತ್ತೇನೆ ಎನ್ನುತ್ತಾಳೆ. ನೀನು ನೆಪ ಹುಡುಕುತ್ತೀಯೆ. ಒಂದು ನೆಪಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು. ಆ ಬದುಕು ಹೇಗಿರುತ್ತದೆಂದು ನನಗೆ ಗೊತ್ತು. ಅದನ್ನು ನಿನಗೆ ಕಲಿಸಿದವನು ನಾನು. ಬೇರೆ ಯಾರ ಮೇಲೂ ಹೊರಿಸುವಂತಿಲ್ಲ, ಗೌರಮ್ಮನವರ ಮೇಲೂ.

ನಾಳೆ ಭಾನುವಾರ, ನೀನು ಮನೆಯಲ್ಲಿರುತ್ತೀಯೆ. ಬೆಳಿಗ್ಗೆ ಗೌರಮ್ಮನವರಿಗೆ ನಿಜ ಹೇಳಿ ನಿಮ್ಮ ಮನೆಗೆ ಬರುತ್ತೇನೆ. ಅಜ್ಜಿಗೆ ಈಗ ಕಿವಿ ಪೂರಾ ಮಂದವಂತೆ, ಹತ್ತಿರ ನಿಂತು ಹೇಳಿದರೂ ಕೇಳುವುದಿಲ್ಲವಂತೆ. ನಾನು ಯಾರ ಮಗ ಎಂಬುದನ್ನು ಅವರ ಬಾಗಿಲಲ್ಲಿ ನಿಂತು ಕೂಗಿಯೇ ಹೇಳಬೇಕಾಗುತ್ತದೆ. ಊರಿಗೆಲ್ಲ ಕೇಳಿಸುತ್ತದೆ, ಭವ್ಯ.