ಆಯಿ ಎಲೆ ಬಿಟ್ಟ ವರ್ಷ

ನೆಲನೆಲ್ಲಿ ಈಗ ಕ್ಯಾಪ್ಸೂಲ್ ಆಗಿ ಸಿಗುತ್ತದೆ. ಲೇಬಲ್ ಮೇಲೆ ‘ಲೀಫ್ ಎಕ್ಸ್‌ಟ್ರಾಕ್ಟ್’ ಎಂದಿರುತ್ತದೆ, ಲಿವರ್‌ಗೆ ಒಳ್ಳೆಯದಂತೆ. ಡಬ್ಬಿ ಕೈಗೆತ್ತಿಕೊಂಡು ಓದುತ್ತೇನೆ, ಮತ್ತೆ ಅಲ್ಲೇ ಇಟ್ಟುಬಿಡುತ್ತೇನೆ. ಆ ಎಲೆಯ ವಿಷಯದಲ್ಲಿ ನನ್ನದೊಂದು ತಪ್ಪಿದೆ. ಹೇಳಬೇಕಾದವರಿಗೆ ಅದನ್ನು ಹೇಳದೆ ಹೋದೆ.

ವಿಜಾಪುರ ಜಿಲ್ಲೆಯ ಇಂಡಿಯಿಂದ ಮೂರು ಮೈಲಿ ದೂರದ ಹಳ್ಳಿಯಲ್ಲಿ ನನ್ನ ತಾಯಿಯ ತಾಯಿ ಇದ್ದಳು. ನಾವೆಲ್ಲ ಆಕೆಯನ್ನು ಆಯಿ ಅನ್ನುತ್ತಿದ್ದೆವು. ಕಾಮಾಲೆಯಾದವರು ಸಿಂದಗಿ ಕಡೆಯಿಂದಲೂ ಚಕ್ಕಡಿ ಕಟ್ಟಿಕೊಂಡು ಬಂದು, ಬೆಳಗ್ಗೆ ಬರಿಹೊಟ್ಟೆಯಲ್ಲಿ ಅವಳ ಕಟ್ಟೆಯ ಮೇಲೆ ಕೂಡುತ್ತಿದ್ದರು. ಲಿಂಬೆ ತೋಟದ ನೆರಳಿನ ನೆಲನೆಲ್ಲಿಯನ್ನು ಕಿತ್ತು, ಅರೆದು, ಅರಿವೆಯಲ್ಲಿ ಹಿಂಡಿ, ರಸವನ್ನು ಮಜ್ಜಿಗೆಯಲ್ಲಿ ಕೂಡಿಸಿ ಕೊಡುತ್ತಿದ್ದಳು. ಏಳು ದಿನ. ಅಷ್ಟೂ ದಿನ ರೋಗಿ ಉಪ್ಪು ತಿನ್ನುವಂತಿಲ್ಲ. ಆ ಮನೆತನದ್ದು ಇನ್ನೊಂದು ನೇಮ: ಎಲೆ ಹಿಂಡಿದ ಕೈಯವರೂ ಅವನ ಜೊತೆ ಉಪ್ಪು ಬಿಡಬೇಕು.

“ಒಬ್ಬಾವನ ಸಪ್ಪನ ಉಣ್ಣಂದ್ರ ಹ್ಯಾಂಗ ಉಂಡಾನು? ನಾವೂ ಉಣ್ಣಬೇಕು,” ಅನ್ನುತ್ತಿದ್ದಳು.

ಇಸವಿ ಅರವತ್ತರ ಆಚೀಚೆ ಇರಬೇಕು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಎಂಟನೆಯ ಕ್ಲಾಸು. ದೀಪಾವಳಿ ಹಾಲಿಡೇಸ್‌ಗೆ ಬಂದಾಗ ಆಯಿಯ ಕಣ್ಣಿಗೆ ಪೊರೆ ಬಂದು, ಬಣ್ಣ ಯಾವುದೂ ತಿಳಿಯುತ್ತಿರಲಿಲ್ಲ. ಆದರೂ ಎಲೆ ಅವಳೇ ಕೀಳುವಳು. ಕಡ್ಡಿಯ ಕೆಳಗೆ ಬೆರಳಾಡಿಸಿ, ಸಾಸಿವೆಯಂಥ ಕಾಯಿಗಳನ್ನು ಎಣಿಸಿದಂತೆ ಮುಟ್ಟಿ ಗುರುತಿಸುವಳು. ಅಂಥದೇ ಇನ್ನೊಂದು ಗಿಡವಿದೆ, ದೇಟು ಕೆಂಪು, ಅದು ಬರಬಾರದು. ಕೈ ನಡುಗುತ್ತಿದ್ದುದರಿಂದ ಹಿಂಡುವ ಕೆಲಸವನ್ನು ಮಾತ್ರ ನನಗೆ ಕೊಟ್ಟಳು.

ಆ ವಾರ ಬಂದವನು ನನ್ನನ್ನು ಸ್ಟೇಷನ್ನಿನಿಂದ ಕರೆತರುತ್ತಿದ್ದ ಟಾಂಗಾದವನೇ. ಕಣ್ಣು ಅರಿಷಿಣವಾಗಿದ್ದವು, ಬಾಯಿ ಮಾತ್ರ ಸುಮ್ಮನಿರಲಿಲ್ಲ.

“ಸಣ್ಣ ಬಾಯಾರ, ನನಗ ಕಾಮಣಿ ಆಗೇತಿ, ಸಪ್ಪನ ಉಣ್ಣಾಕತ್ತೇನಿ. ನೀವೇನ್ ತಪ್ಪ ಮಾಡೀರಿ?”

“ಇಂಗ್ಲಿಷ್ ಕಲತಾಳಲೊ, ಅದಕ್ಕ!” ಎಂದು ಆಯಿ ನಕ್ಕಳು.

ನಾಲ್ಕನೆಯ ದಿನ ಮಧ್ಯಾಹ್ನ ಆಯಿ ಅಡ್ಡಾಗಿದ್ದಳು. ನಾನು ಭರಣಿಯ ಬಟ್ಟೆ ಬಿಚ್ಚಿ ಲಿಂಬೆ ಉಪ್ಪಿನಕಾಯಿ ತಿಂದೆ. ಒಂದಲ್ಲ, ಮೂರು ಹೋಳು. ನನ್ನ ಬಾಯಿಯ ಉಪ್ಪು ಅವನ ಲಿವರ್‌ಗೆ ಹೇಗೆ ಹೋದೀತು? ನಾನ್‌ಸೆನ್ಸ್. ಮರುದಿನ ಅರಿವೆ ಕೈಗೆ ಕೊಡುವಾಗ ಆಯಿ ಕೇಳಿದಳು, “ಉಪ್ಪ ಮುಟ್ಟಿಲ್ಲಲಾ ಯವ್ವಾ?”

“ಇಲ್ಲ ಆಯಿ.”

ಏಳು ದಿನ ಕಳೆದರೂ ಅವನ ಕಣ್ಣು ತಿಳಿಯಾಗಲಿಲ್ಲ, ಹೊಟ್ಟೆ ಉಬ್ಬಿತು. ವಿಜಾಪುರದ ದವಾಖಾನೆಗೆ ಒಯ್ದರು. ಅಲ್ಲಿಂದ ಅವನು ತಿರುಗಿ ಬರಲಿಲ್ಲ.

ಅವನ ಹೆಂಡತಿ ಬಂದು ಕಟ್ಟೆಯ ಕೆಳಗೆ ಕುಳಿತಳು. ಬೈಯಲಿಲ್ಲ. “ಎಷ್ಟ ಮಂದೀನ ಉಳಿಸೀದಿ ಆಯಿ. ಇವರಿಗಷ್ಟ ಯಾಕ ಹತ್ತಲಿಲ್ಲ?” ಎಂದಳು.

ಆಯಿ ತನ್ನ ಬೆರಳುಗಳನ್ನು ಒಂದರ ಮೇಲೊಂದು ತಿಕ್ಕಿ ನೋಡಿಕೊಂಡಳು. ಆಮೇಲೆ ನನ್ನತ್ತ ತಿರುಗಿದಳು.

“ನೀ ನೋಡಿದ್ದೆಲಾ. ದೇಟ ಹಸರ ಇತ್ತೊ, ಕೆಂಪ ಇತ್ತೊ?”

ಹಸಿರೇ ಇತ್ತು. ಏಳು ದಿನವೂ, ಒಂದೊಂದು ಕಡ್ಡಿಯೂ ಹಸಿರು. ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಎಲೆ ಸರಿ ಎಂದರೆ ಉಳಿಯುವುದು ಹಿಂಡಿದ ಕೈ. ಅವಳ ಮುಂದಿನ ಪ್ರಶ್ನೆ ನನ್ನ ಬಾಯಿಗೆ ಬಿದ್ದ ಉಪ್ಪಿನದೇ ಆಗುತ್ತಿತ್ತು.

“ನೆನಪಿಲ್ಲ ಆಯಿ,” ಎಂದೆ.

ಆಯಿ ಆ ಹೆಂಗಸಿನ ಕಡೆ ಮುಖ ಮಾಡಿ, “ನನ್ನ ಬೆರಳ ತಪ್ಪಿದ್ವು ತಂಗಿ,” ಎಂದು ಕೈ ಮುಗಿದಳು.

ಅಂದಿನಿಂದ ಎಲೆ ಕೊಡಲಿಲ್ಲ. ಮರುವರ್ಷ ಬಸವನ ಬಾಗೇವಾಡಿಯ ಕಡೆಯವರೊಬ್ಬರು ಮಗಳನ್ನು ಕರೆತಂದು ಗೋಗರೆದರು. “ಅದು ಕಣ್ಣಿದ್ದವರ ಕೆಲಸರಿ. ದವಾಖಾನಿಗೆ ಹೋಗ್ರಿ,” ಎಂದು ಒಳಗಿನಿಂದಲೇ ಹೇಳಿ ಕಳಿಸಿದಳು. ನಾನು ಬಾಗಿಲ ಹಿಂದೆ ನಿಂತಿದ್ದೆ.

ಟಾಂಗಾದವನ ಲಿವರ್ ಮೊದಲೇ ಪೂರಾ ಕೆಟ್ಟಿತ್ತು, ಯಾರಿಂದಲೂ ಆಗುತ್ತಿರಲಿಲ್ಲ ಎಂದು ಡಾಕ್ಟರು ನನ್ನ ತಂದೆಗೆ ಹೇಳಿದ್ದರಂತೆ. ಆಯಿಯವರೆಗೆ ಆ ಮಾತು ಮುಟ್ಟಲಿಲ್ಲ. ತಿಳಿದಾಗ ನನಗೆ ಹಗುರವಾಯಿತು ಅಂದರೆ ಅದು ಸುಳ್ಳಲ್ಲ. ಉಪ್ಪಿನಿಂದ ಯಾರೂ ಸಾಯಲಿಲ್ಲ. ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಶನಿವಾರ ಕನ್ಫೆಶನ್‌ಗೆ ಹೋಗಿ ನಗುತ್ತ ಹೊರಗೆ ಬರುತ್ತಿದ್ದರು. ನಾನು ಹೇಳಬೇಕಾದದ್ದು ಯಾವ ಫಾದರ್‌ಗೂ ಅಲ್ಲ.

ಆಯಿ ಇನ್ನೂ ನಾಲ್ಕು ವರ್ಷ ಬದುಕಿದ್ದಳು. ಅಷ್ಟು ಹಾಲಿಡೇಸ್ ನನಗಿದ್ದವು. ಕಡೆಯ ಸಲ ಹೋದಾಗ ಅಡುಗೆಮನೆಯಲ್ಲಿ ಪಲ್ಯ ಸೋಸುತ್ತ, ಸೊಪ್ಪಿನ ಎಲೆ ಬಿಡಿಸುತ್ತ ಕೂತಿದ್ದಳು. ಮೆಂತ್ಯದ ವಾಸನೆ ಅಂಗಳದವರೆಗೂ ಬರುತ್ತಿತ್ತು. ಸೊಪ್ಪಿನ ಸೂಡನ್ನು ನನ್ನ ಮುಂದೆ ಹಿಡಿದು, “ನೋಡವಾ, ಇದು ಮೆಂತೆ ಹೌದಲ್ಲೊ?” ಎಂದು ಕೇಳಿದಳು.

“ಹೌದು ಆಯಿ,” ಎಂದೆ. ಅಷ್ಟೇ ಎಂದೆ.