ತಾಳಿಯ ಹವಳ, ಕಡಲಿನ ಹವಳ

ನನ್ನ ಕೊರಳ ಸರದಲ್ಲಿ, ಕರಿಮಣಿಗಳ ಸಾಲಿನ ನಡುವೆ, ತಾಳಿಯ ಅಕ್ಕಪಕ್ಕ ಎರಡು ಹವಳಗಳಿವೆ. ಹಣ್ಣುಮೆಣಸಿನಕಾಯಿಯ ಕೆಂಪು ಅವಕ್ಕೆ. ಸ್ನಾನದ ಹೊತ್ತಿಗೆ ಬೆರಳಿಗೆ ತಗಲುವುದು, ಅವಸರದಲ್ಲಿ ಸೆರಗಿನ ಎಳೆಗೆ ಸಿಕ್ಕಿಕೊಳ್ಳುವುದು, ಇಷ್ಟನ್ನು ಬಿಟ್ಟರೆ ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಅವು ನನಗೆ ಬೇರೆ ಯಾವ ತೊಂದರೆಯನ್ನೂ ಕೊಟ್ಟವಲ್ಲ. ಅಂಥ ಸಾಧು ಮಣಿಗಳು ಒಂದು ಮಧ್ಯಾಹ್ನ ನನ್ನಿಂದ ಸುಳ್ಳು ಹೇಳಿಸಿ, ನನ್ನನ್ನು ಕಡಲಿನವರೆಗೆ ಎಳೆದುಕೊಂಡು ಹೋದವು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಿ. ಸುಳ್ಳು ಹೇಳುವ ಚಾಳಿಯನ್ನು ನಾನು ಬಿಟ್ಟಾಗಿದೆ.

ರಾಜಾಜಿನಗರದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನಾನು ಭೂಗೋಳದ ಮೇಷ್ಟರಮ್ಮ. ಭಾರತದ ಕರಾವಳಿಯನ್ನು ಕಚ್ಛದಿಂದ ಕನ್ಯಾಕುಮಾರಿಗಿಳಿಸಿ, ಅಲ್ಲಿಂದ ಬಂಗಾಳಕ್ಕೇರಿಸಿ, ಸೀಮೆಸುಣ್ಣವನ್ನು ಹಲಗೆಯಿಂದ ಎತ್ತದೆ ಬರೆದುಬಿಡುತ್ತೇನೆ. ಕಣ್ಣು ಮುಚ್ಚಿ ಬರೆಯೆಂದರೂ ಬರೆದೇನು. ಆದರೆ ಸಮುದ್ರವನ್ನು ಮಾತ್ರ ನಾನು ಕಂಡವಳಲ್ಲ. ನನ್ನ ತವರು ದಾವಣಗೆರೆಯ ಕಡೆ, ಅಲ್ಲಿ ನಾಲೆಯ ನೀರೇ ದೊಡ್ಡ ನೀರು. ಮದುವೆಯಾಗಿ ಬಂದ ಈ ಊರಿನಲ್ಲಂತೂ ನಲ್ಲಿಯಲ್ಲಿ ನೀರು ಬಂತೆಂದರೆ ಬೀದಿಗೆ ಬೀದಿಯೇ ಎದ್ದು ನಿಲ್ಲುತ್ತದೆ.

ಸಂಕ್ರಾಂತಿ ಕಳೆದ ವಾರ ಒಂಬತ್ತನೇ ತರಗತಿಗೆ ಹವಳದ ದಿಬ್ಬಗಳ ಪಾಠ. ಉತ್ಸಾಹ ಬಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಸರವನ್ನು ಸೆರಗಿನಿಂದ ಹೊರಗೆಳೆದು, ಮಣಿಯನ್ನು ಎತ್ತಿ ಹಿಡಿದು, "ಸಮುದ್ರದ ತಳದಲ್ಲಿ ಇದೇ ಬಣ್ಣದ ಕಾಡು ಇರುತ್ತೆ ಕಣ್ರೇ, ಕೆಂಪು ಕಾಡು!" ಎಂದುಬಿಟ್ಟೆ. ಆಗ ಮೊದಲ ಬೆಂಚಿನ ನಾಗರತ್ನ, ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ, ಪ್ರಶ್ನೆ ಕೇಳುವಾಗ ಎದ್ದು ನಿಲ್ಲಲೂ ಮರೆಯುವ ಹುಡುಗಿ, "ನೀವು ನೋಡಿದೀರಾ ಮಿಸ್?" ಎಂದು ಕೇಳಿದಳು.

"ಹೂಂ ಕಣೇ, ನೋಡಿದೀನಿ" ಎಂದೆ. ನೋಟ್ಸಿನಲ್ಲೂ ಬಣ್ಣ ಕೆಂಪು ಎಂದೇ ಬರೆಸಿದೆ.

ಯಾಕೆ ಹಾಗೆಂದೆನೋ! ಸಹಾರಾ ಮರುಭೂಮಿಯನ್ನಾಗಲಿ, ಉತ್ತರಧ್ರುವವನ್ನಾಗಲಿ ನಾನು ನೋಡಿದ್ದೇನೆಯೇ ಎಂದು ಯಾರೂ ಕೇಳುವುದಿಲ್ಲ. ಭೂಗೋಳ ಕಲಿಸುವವರೆಲ್ಲ ಕಾಣದ ಲೋಕವನ್ನು ಕಂಡವರ ಗತ್ತಿನಲ್ಲಿ ಬಣ್ಣಿಸಿಯೇ ಬದುಕುವವರು, ಅದರಲ್ಲಿ ವಂಚನೆಯೇನೂ ಇಲ್ಲ. ಆದರೆ ನೇರವಾಗಿ ಕೇಳಿದ ಮಗುವಿಗೆ ನೇರವಾಗಿ ಹೇಳಿದ ಸುಳ್ಳು ಬೇರೆಯೇ ಜಾತಿಯದು. ಅಂದಿನಿಂದ ಆ ಮೊದಲ ಬೆಂಚಿನ ಕಡೆ ನೋಡಿ ಪಾಠ ಮಾಡುವುದಕ್ಕೇ ನನಗೆ ಹಿಂಜರಿಕೆಯಾಯಿತು. ಜೂನಿನಲ್ಲಿ ಆ ಹುಡುಗಿಯರು ಹತ್ತನೆಯ ತರಗತಿಗೆ ಬರುತ್ತಾರೆ. ಶಾಲೆಯ ಬಾಗಿಲು ತೆರೆಯುವಷ್ಟರಲ್ಲಿ ನಾನು ಹವಳದ ಕಾಡನ್ನು ಕಣ್ಣಾರೆ ನೋಡಿರಬೇಕು ಎಂದು ನಿಶ್ಚಯಿಸಿಕೊಂಡೆ. ನಿಶ್ಚಯ ಮಾಡಿದ್ದೇ ತಡ, ನನ್ನ ನಾಚಿಕೆ ಎಲ್ಲಿ ಹೋಯಿತೋ ಕಾಣೆ, ಅದರ ಜಾಗದಲ್ಲಿ ಎಂಥ ಸಂಭ್ರಮ! ಬೆಳಿಗ್ಗೆ ಒಲೆಯ ಮೇಲಿನ ಹಾಲು ಉಕ್ಕಿದರೂ ಅಲೆಯೇ ಕಾಣುತ್ತಿತ್ತು.

ಕೊಚ್ಚಿಯ ಬಂದರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮನಿಗೆ ಕಾಗದ ಬರೆದೆ. ಅವನು ಹಡಗಿನ ತಳ ತೊಳೆಯುವ ಮುಳುಗುಗಾರರ ಸಹವಾಸದಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿಗಿಳಿಯುವುದನ್ನು ಕಲಿತವನು. ಉತ್ತರದ ಬದಲು ಒಂದು ಪಾರ್ಸಲ್ಲೇ ಬಂತು: ಮೂಗನ್ನೂ ಕಣ್ಣನ್ನೂ ಒಟ್ಟಿಗೆ ಮುಚ್ಚುವ, ಕರಿಯ ರಬ್ಬರಿನ ದೊಡ್ಡದೊಂದು ಗಾಜಿನ ಮುಖವಾಡ, ಬಾಯಿಗೆ ಕಚ್ಚಿಕೊಳ್ಳುವ ಉಸಿರಿನ ಕೊಳವೆ, ಜೊತೆಗೆ ಚೀಟಿ. "ಅಕ್ಕಾ, ಲಕ್ಷದ್ವೀಪಕ್ಕೇ ಬಾ. ಅಲ್ಲಿನ ನೀರು ಗಾಜಿದ್ದ ಹಾಗೆ. ನಿನಗೂ ಸಿಲಿಂಡರು ಕಟ್ಟಿ ಇಳಿಸ್ತೀನಿ." ಓದಿ ನಾನು ಹಜಾರದಲ್ಲಿ ಎರಡು ಸುತ್ತು ತಿರುಗಿದೆ.

ಆ ಭಾನುವಾರ ನಮ್ಮ ಹಜಾರದಲ್ಲಿ ಶಾಲೆಯ ಅಟ್ಲಾಸನ್ನು ಬಿಚ್ಚಿಟ್ಟುಕೊಂಡು ಮೂವರು ಕೂತೆವು: ನಾನು, ಇಲ್ಲೇ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಫಿಟ್ಟರಾಗಿರುವ ನನ್ನ ಗಂಡ, ಮತ್ತು ನನ್ನ ಅತ್ತೆ. ಆಯ್ಕೆಯ ಸುಖ ನಿಮಗೂ ಗೊತ್ತಿರಬೇಕು. ಸೀರೆಯಂಗಡಿಯಲ್ಲಿ ಒಂದನ್ನು ಆರಿಸುವ ಮುನ್ನ ಇಪ್ಪತ್ತನ್ನು ಬಿಡಿಸಿ ಹೆಗಲಮೇಲೆ ಹಾಕಿಕೊಂಡಾಗ, ಅಷ್ಟು ಹೊತ್ತು ಇಪ್ಪತ್ತೂ ನಮ್ಮವೇ. ಹಾಗೆ ಆ ಮಧ್ಯಾಹ್ನ ಇಡೀ ಭಾರತದ ಕಡಲು ನಮ್ಮ ಹಜಾರದ ಸ್ವತ್ತಾಗಿತ್ತು. ಬೆರಳಿಟ್ಟಲ್ಲಿ ಅಲೆ, ಬೆರಳೆತ್ತಿದರೆ ರಾಜಾಜಿನಗರ.

ಇವರದು ಕಾರವಾರದ ಪಕ್ಷ. "ಒಂದೇ ಬಸ್ಸು, ಭಾಷೆ ನಮ್ದೇ. ದಾರಿ ತಪ್ಪಿದ್ರೂ ಕೇಳ್ಬೋದು ನೋಡು." ನನ್ನ ಮನಸ್ಸು ಲಕ್ಷದ್ವೀಪದ ಕಡೆಗೆ. ಆದರೆ ಅಲ್ಲಿಗೆ ಸರ್ಕಾರದ ಅನುಮತಿ ಬೇಕು, ಹಡಗು ಬೇಕು, ಅದು ಸಿಗುವಷ್ಟರಲ್ಲಿ ಮುಂಗಾರು ಕಡಲನ್ನು ಮುಚ್ಚಿರುತ್ತದೆ. ಮೂರನೆಯದು ರಾಮೇಶ್ವರಕ್ಕಿಂತ ಸ್ವಲ್ಪ ಈಚೆಗಿರುವ ಮಂಡಪಂ. ಅಲ್ಲಿ ಹವಳ ದಡದ ಹತ್ತಿರವೇ, ಆಳವಿಲ್ಲದ ನೀರಿನಲ್ಲೇ ಇದೆಯೆಂದು ನನ್ನ ಪುಸ್ತಕ ಹೇಳುತ್ತಿತ್ತು. ಈಜು ಬಾರದವಳಿಗೆ ಇನ್ನೇನು ಬೇಕು?

ಅತ್ತೆ ಅಟ್ಲಾಸಿನ ನೀಲಿಯನ್ನು ಬಹಳ ಹೊತ್ತು ನೋಡಿದರು. "ಹೌದೇನವ್ವಾ, ನೀರಾಗ ಮುಳುಗಾಕ ಅಷ್ಟು ದೂರ ಹೋಗ್ಬೇಕಾ? ಬಚ್ಚಲದಾಗ ತೊಟ್ಟಿ ಐತಲ್ಲ" ಎಂದರು. ಆಮೇಲೆ ನಿಜವಾದ ಆತಂಕ ಹೊರಬಂತು: "ಮೀನು ತಿನ್ನೋರ ಊರಾಗ ನಮಗ ರೊಟ್ಟಿ ಯಾರು ಬಡಿದು ಕೊಡ್ತಾರ?" ಮೂರು ಕರಾವಳಿಗಳೂ ಈ ಒಂದು ಪ್ರಶ್ನೆಯ ಮುಂದೆ ಸಮಾನವಾಗಿ ಸೋತವು. ಕೊನೆಗೆ ಅವರೇ ಅದಕ್ಕೆ ದಾರಿ ಕಂಡುಕೊಂಡರು: ವಾರಗಟ್ಟಲೆ ಕೆಡದ ಕಟಕ್ ರೊಟ್ಟಿ ಒಂದು ಡಬ್ಬಿ, ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ. ರೊಟ್ಟಿಯ ಸಮಸ್ಯೆ ತೀರಿದ ಮೇಲೆ ಯಾವ ಕಡಲಾದರೂ ಅವರಿಗೆ ಒಂದೇ. ಕಾರ್ಖಾನೆಯಲ್ಲಿ ಪಕ್ಕದ ಮೆಷಿನ್ನಿನವರಿಂದ ಇವರು ತಮಿಳು ಕಲಿತಿದ್ದದ್ದೂ ನೆರವಿಗೆ ಬಂತು. ಮಂಡಪಂ ಗೆದ್ದಿತು.

ಬಚ್ಚಲ ತೊಟ್ಟಿಯ ಮಾತನ್ನು ಅತ್ತೆ ಕುಚೋದ್ಯಕ್ಕೆ ಹೇಳಿದ್ದರೂ ನನಗದು ಹಿಡಿಸಿತು. ನಲ್ಲಿ ಬಂದ ದಿನ ತೊಟ್ಟಿ ತುಂಬಿಸಿ, ಮುಖವಾಡ ಬಿಗಿದು, ಕೊಳವೆ ಕಚ್ಚಿ ತಲೆ ಮುಳುಗಿಸಿದೆ. ಏನೂ ಕಾಣಲಿಲ್ಲ! ನನ್ನದು ಸೋಡಾಬುಡ್ಡಿ ಕನ್ನಡಕ. ಅದನ್ನು ತೆಗೆದರೆ ಎದುರಿಗೆ ನಿಂತವರು ಗಂಡಸೋ ಹೆಂಗಸೋ ತಿಳಿಯದು. ಕನ್ನಡಕದ ಮೇಲೆಯೇ ಮುಖವಾಡ ಹಾಕಿದರೆ ಕಡ್ಡಿಯ ಸಂದಿನಿಂದ ನೀರು ನುಗ್ಗಿ ಮೂಗಿಗೇರಿತು. ಊರು ಆರಿಸಿದ್ದಾಯಿತು, ರೊಟ್ಟಿ ಬಡಿಯಲು ದಿನ ಗೊತ್ತಾಯಿತು, ಆದರೆ ನೋಡಬೇಕಾದ ಕಣ್ಣನ್ನೇ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒದ್ದೆ ತಲೆಯಲ್ಲಿ ಬಚ್ಚಲ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ಸುಳ್ಳಿನ ವಿಷಯವನ್ನು ಇವರಿಗೆ ಹೇಳಿದ್ದೂ ಆಗಲೇ.

ಇವರು ನಗಲಿಲ್ಲ. ಮುಖವಾಡವನ್ನು ತಿರುಗಿಸಿ ನೋಡಿ, "ಹಳೇ ಕನ್ನಡಕ ಎಲ್ಲಿಟ್ಟಿದೀಯ, ಕೊಡು" ಎಂದಷ್ಟೇ ಹೇಳಿ ಎರಡನ್ನೂ ಊಟದ ಡಬ್ಬಿಯ ಜೊತೆ ಚೀಲಕ್ಕೆ ಹಾಕಿಕೊಂಡು ಹೋದರು. ಕಾರ್ಖಾನೆಯವರ ಕೆಲಸದ ರೀತಿಯೇ ಹಾಗೆ. ಅಂಗಡಿಯಲ್ಲಿ ಸಿಗದ್ದನ್ನು ಊಟದ ಬಿಡುವಿನಲ್ಲಿ ಮಾಡಿಕೊಳ್ಳುತ್ತಾರೆ. ನಾಲ್ಕನೆಯ ದಿನ ಮುಖವಾಡ ಮರಳಿತು. ಒಳಗೆ ಹಿತ್ತಾಳೆ ತಂತಿಯ ಸಣ್ಣ ಚೌಕಟ್ಟು, ಅದರಲ್ಲಿ ನನ್ನ ಹಳೆಯ ಕನ್ನಡಕದ ಎರಡು ಗಾಜು, ಮೂಗಿಗೆ ಒತ್ತದಂತೆ ಸೈಕಲ್ ಟ್ಯೂಬಿನ ತುಂಡು. ಮತ್ತೆ ತೊಟ್ಟಿಯಲ್ಲಿ ಮುಳುಗಿದೆ. ತಳದ ಪಾಚಿ, ಎಂದೋ ಬಿದ್ದಿದ್ದ ಹೇರ್‌ಪಿನ್ನು, ಗಾರೆಯ ಬಿರುಕು, ಎಲ್ಲ ನಿಚ್ಚಳ! ಎದ್ದು ನೀರು ಸುರಿಯುತ್ತಲೇ ಇವರ ಕೈ ಹಿಡಿದುಕೊಂಡೆ. ಹನ್ನೊಂದು ವರ್ಷಗಳಲ್ಲಿ ಇವರು ಪ್ರೀತಿಯ ಮಾತನ್ನು ಬಾಯಿಬಿಟ್ಟು ಆಡಿದವರಲ್ಲ. ಆ ತಂತಿಯ ತಿರುವುಗಳನ್ನು ನೋಡಿದ ಮೇಲೆ ಆ ಕೊರಗು ನನಗೆ ಉಳಿಯಲಿಲ್ಲ.

ಮೇ ತಿಂಗಳಲ್ಲಿ ಹೊರಟೆವು. ರಾಮೇಶ್ವರದ ದಿಕ್ಕಿನ ಟಿಕೆಟ್ಟೆಂದ ಮೇಲೆ ಅಕ್ಕಪಕ್ಕದವರೆಲ್ಲ ತೀರ್ಥಯಾತ್ರೆಯೆಂದೇ ತಿಳಿದು ತೀರ್ಥಕ್ಕೆ ಸೀಸೆ ಕೊಟ್ಟರು. ಕೊರಳಲ್ಲಿ ಇಷ್ಟಲಿಂಗ ಧರಿಸಿದ ನಮ್ಮ ಅತ್ತೆ, "ದೇವರು ಎದಿ ಮ್ಯಾಲೇ ಅದಾನ, ನಾನು ಸೊಸಿ ಮುಳುಗೋದು ನೋಡಾಕ ಹೊಂಟೀನಿ" ಎಂದು ಬೀದಿಗೆಲ್ಲ ಕೇಳುವಂತೆ ಸಾರಿದರು.

ಕೆಂಗೇರಿಯನ್ನೇ ಊರ ಹೊರಗೆಂದು ತಿಳಿದಿದ್ದ ನಾನು ಸಮುದ್ರದ ಮುಂದೆ ನಿಂತಾಗ ಏನನ್ನಿಸಿತು ಎಂದು ನೀವು ಕೇಳಬಹುದು. ನಕ್ಕೆ. ಸೀಮೆಸುಣ್ಣದ ನನ್ನ ಗೆರೆ ಇಷ್ಟು ಸದ್ದು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ಆದರೆ ದಕ್ಷಿಣದ ದಡದಲ್ಲಿ ಗಾಳಿಯೆದ್ದು ಅಲೆಗಳು ಕೆಸರು ಕಲಕುತ್ತಿದ್ದವು. ಕರಾವಳಿ ಆರಿಸಿದವಳು ಗಾಳಿಯನ್ನು ಕೇಳಿರಲಿಲ್ಲ. ಇವರು ತಮಿಳಿನಲ್ಲಿ ವಿಚಾರಿಸಿದಾಗ ವಯಸ್ಸಾದ ಬೆಸ್ತರೊಬ್ಬರು ನಕ್ಕು, ಕಡಲೊಳಕ್ಕೆ ಚಾಚಿದ ಆ ನೆಲದ ನಾಲಗೆಗೆ ಎರಡು ಕಡೆಯೂ ಸಮುದ್ರವಿದೆ, ಈ ತಿಂಗಳು ಒಂದು ಕುಣಿದರೆ ಇನ್ನೊಂದು ಮಲಗಿರುತ್ತದೆ ಎಂದರು. ಮರುದಿನ ಬೆಳಿಗ್ಗೆ ಉತ್ತರದ ದಡದಿಂದ ಅವರ ದೋಣಿಯಲ್ಲಿ ಹೊರಟೆವು.

ನೀರಿಗಿಳಿಯುವ ಮುನ್ನ ಅತ್ತೆ ನನ್ನನ್ನು ತಡೆದರು. ಸೀರೆ ಹೀಗಿದ್ದರೆ ಕೊಡೆಯಂತೆ ಅರಳುತ್ತದೆಂದು, ಹಿಂದೆ ಹೊಲದಲ್ಲಿ ಕಳೆ ಕೀಳುವಾಗ ತಾವು ಕಟ್ಟುತ್ತಿದ್ದ ಹಾಗೆ ಬಿಗಿಯಾಗಿ ಕಚ್ಚೆ ಹಾಕಿಕೊಟ್ಟು, "ಹೂಂ, ಈಗ ಮುಳುಗು" ಎಂದರು. ಒಂದು ಕೈಯಲ್ಲಿ ದೋಣಿಯ ಹಗ್ಗ, ಇನ್ನೊಂದರಲ್ಲಿ ಇವರ ತೋಳು. ಮುಖ ನೀರಿಗಿಟ್ಟೆ.

ಕೆಂಪಿರಲಿಲ್ಲ. ಎಲ್ಲೂ ಕೆಂಪಿರಲಿಲ್ಲ! ಹುರುಳಿಯ ಕಂದು, ರಾಗಿಯ ಕಂದು, ಹಳೆಯ ಸಾಸಿವೆಯ ಹಳದಿ, ಅಲ್ಲಲ್ಲಿ ಪಾಚಿಹಸಿರು. ಮೆದುಳಿನಂತೆ ಮಡಿಕೆ ಬಿದ್ದ ದುಂಡು ಬಂಡೆಗಳು. ನಮ್ಮ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕಡಲಿಗೆ ಸುರಿದಂತಿತ್ತು. ಆ ಕಂದಿನ ಮೇಲೆ ಪಟ್ಟೆಪಟ್ಟೆಯ ಮೀನುಗಳು ಶಾಲೆ ಬಿಟ್ಟ ಹುಡುಗಿಯರ ಹಾಗೆ ಗುಂಪುಗುಂಪಾಗಿ ಹೊರಳುತ್ತಿದ್ದವು. ಕೊಳವೆಯೊಳಗೇ ಕೂಗಿದೆ; ಮೇಲಿದ್ದವರಿಗೆ ಅದು ಎಮ್ಮೆಯ ಕೂಗಿನಂತೆ ಕೇಳಿಸಿತಂತೆ. ನನ್ನ ಸುಳ್ಳು ಎರಡು ಪದರದ್ದೆಂದು ಆಗ ತಿಳಿಯಿತು. ನೋಡಿದ್ದೇನೆ ಎಂದದ್ದೂ ಸುಳ್ಳು, ಕೆಂಪು ಕಾಡು ಎಂದದ್ದೂ ಸುಳ್ಳು. ಮೊದಲನೆಯದನ್ನು ಆ ಕ್ಷಣ ನಿಜ ಮಾಡಿಕೊಂಡೆ. ಎರಡನೆಯದನ್ನು ಕಡಲು ಎಷ್ಟು ಚಂದವಾಗಿ ತಿದ್ದಿತೆಂದರೆ, ತಪ್ಪು ಮಾಡಿದ್ದಕ್ಕೆ ಖುಷಿಯೇ ಆಯಿತು.

ಜೂನಿನ ಮೊದಲ ದಿನ ಹತ್ತನೆಯ ತರಗತಿಗೆ ಮುಖವಾಡವನ್ನು ಸೆರಗಿನಡಿ ಮುಚ್ಚಿಕೊಂಡು ಹೋದೆ. ಪುನರಾವರ್ತನೆಗೆಂದು ಹಳೆಯ ನೋಟ್ಸು ತರಲು ರಜೆಗೆ ಮುನ್ನವೇ ಹೇಳಿದ್ದೆ, ಆದರೆ ಪಾಠ ತೆಗೆಯಲಿಲ್ಲ. "ಸಂಕ್ರಾಂತಿ ಆದ್ಮೇಲೆ ನಾಗರತ್ನ ಒಂದು ಪ್ರಶ್ನೆ ಕೇಳಿದ್ಲು. ನಾನು ಸುಳ್ಳು ಹೇಳಿದೆ. ಆಗ ನೋಡಿರ್ಲಿಲ್ಲ. ಈಗ ನೋಡ್ಕೊಂಡು ಬಂದಿದೀನಿ" ಎಂದೆ.

ನಾಗರತ್ನ ಈ ಸಲ ಎದ್ದು ನಿಂತಳು. "ನಂಗೆ ಅವತ್ತೇ ಗೊತ್ತಿತ್ತು ಮಿಸ್. ಕನ್ನಡಕ ಇಲ್ದೆ ನಿಮಗೆ ಬೋರ್ಡೇ ಕಾಣಲ್ಲ, ನೀರೊಳಗೆ ಹೇಗೆ ಕಾಣುತ್ತೆ ಅನ್ಕೊಂಡೆ. ಈಗ ಹೇಗೆ ನೋಡಿದ್ರಿ, ಹೇಳಿ."

ಐದು ತಿಂಗಳು! ಇಡೀ ತರಗತಿಯ ಮುಂದೆ ನನ್ನನ್ನು ಬಯಲು ಮಾಡಬಹುದಾಗಿದ್ದ ಪ್ರಶ್ನೆಯನ್ನು ಆ ಹುಡುಗಿ ಐದು ತಿಂಗಳು ಬಾಯಲ್ಲೇ ಇಟ್ಟುಕೊಂಡಿದ್ದಳು. ನಾನು ಮುಖವಾಡವನ್ನು ಅವಳ ಕೈಗೆ ಕೊಟ್ಟೆ. ಹಿತ್ತಾಳೆ ತಂತಿ, ಹಳೆಯ ಗಾಜು, ಟ್ಯೂಬಿನ ತುಂಡು ಬೆಂಚಿನಿಂದ ಬೆಂಚಿಗೆ ಹೋದವು. ಅಷ್ಟರಲ್ಲಿ ನನ್ನ ಕೈ ಅಭ್ಯಾಸಬಲದಿಂದ ಕೊರಳಿಗೆ ಹೋಗಿ ಮಣಿಯನ್ನು ಹೊರಗೆಳೆದಿತ್ತು.

"ಇದರ ಬಣ್ಣ ಅಲ್ಲ ಮಕ್ಕಳೇ, ಹುರುಳಿಕಾಳಿನ ಬಣ್ಣ" ಎಂದೆ. "ಹಳೇ ನೋಟ್ಸಿನಲ್ಲಿ ಕೆಂಪು ಅಂತ ಬರೆಸಿದ್ದೆನಲ್ಲ, ಅದನ್ನ ಹೊಡೆದುಹಾಕಿ."

ಮೂವತ್ತೆಂಟು ಹುಡುಗಿಯರು ಹಳೆಯ ಪುಸ್ತಕ ತೆಗೆದು ಆ ಪದವನ್ನು ಹೊಡೆದುಹಾಕಿದರು. ಮೊದಲ ಬೆಂಚಿನ ಒಂದು ಪುಸ್ತಕದಲ್ಲಿ ಮಾತ್ರ ಹೊಡೆಯಲು ಏನೂ ಇರಲಿಲ್ಲ. ನಾಗರತ್ನ ಅವತ್ತೇ ಅಲ್ಲಿ ಬಣ್ಣದ ಜಾಗವನ್ನು ಖಾಲಿ ಬಿಟ್ಟಿದ್ದಳು.