ಮೂಡಲ ಕಡೆ ತೆರೆದ ಟಾರ್ಪಾಲು

ನನ್ನ ಹೆಂಡತಿಗೆ ಬಟ್ಟೆಯ ಕೆಳಗೆ ಕೂತು ಮಳೆಯ ಸದ್ದು ಕೇಳಬೇಕು ಅನ್ನಿಸಿತು. ಅದರಿಂದ ನಮ್ಮ ಮನೆಯ ಜಮೀನು ಭಾಗವಾಯಿತು. ಇದನ್ನು ಯಾರಿಗೆ ಹೇಳಿದರೂ ನಡುವೆ ಏನೋ ಬಿಟ್ಟಿದ್ದೀನಿ ಅಂದುಕೊಳ್ಳುತ್ತಾರೆ. ಆದ್ದರಿಂದ ಏನೂ ಬಿಡದೆ ಬರೆಯುತ್ತಿದ್ದೇನೆ.

ಅವಳು ಹುಣಸೂರಿನಲ್ಲಿ ಟೈಲರ್. ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಶೀಟಿನ ಮಾಡಿನ ಒಂದು ಚಿಕ್ಕ ಅಂಗಡಿ. ಮಳೆ ಬಂದರೆ ಶೀಟಿನ ಮೇಲೆ ಡಬ್ಬ ಬಡಿದಂತಾಗಿ, ಎದುರು ನಿಂತ ಗಿರಾಕಿ ತೋಳು ಉದ್ದ ಇರಲಿ ಅಂದಳೋ ಗಿಡ್ಡ ಇರಲಿ ಅಂದಳೋ ಕೇಳುವುದಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಸದ್ದಿನ ಕೆಳಗೆ ರವಿಕೆ ಹೊಲಿದವಳು ಒಂದು ದಿನ ಮೊಬೈಲಿನಲ್ಲಿ ವಿಡಿಯೋ ನೋಡಿದಳು. ಯಾವುದೋ ದೇಶದ ಗಂಡ ಹೆಂಡತಿ ಎರಡು ಮರದ ನಡುವೆ ಬಟ್ಟೆ ಇಳಿಜಾರಾಗಿ ಕಟ್ಟಿ, ಅದರಡಿ ಕಾಫಿ ಕಾಯಿಸುತ್ತಿದ್ದರು. ಹೊರಗೆ ಮಳೆ.

"ಕೇಳ್ರೀ ಇಲ್ಲಿ. ಬಟ್ಟೆ ಮೇಲೆ ಬಿದ್ರೆ ಮಳೆ ಎಷ್ಟು ಮೆತ್ತಗಿರುತ್ತೆ" ಎಂದಳು.

ವಾರದಲ್ಲಿ ಟಾರ್ಪಾಲು ಬಂತು. ನಮ್ಮ ಕಡೆ ಹೊಗೆಸೊಪ್ಪು ಮುಚ್ಚುವ ನೀಲಿ ಟಾರ್ಪಾಲಲ್ಲ, ಪಾಚಿ ಬಣ್ಣದ, ಮಡಿಸಿದರೆ ಒಂದು ತೆಂಗಿನಕಾಯಿಯಷ್ಟೇ ಆಗುವ ತೆಳ್ಳನೆಯ ಬಟ್ಟೆ. ಅವಳು ಮೂಲೆಗಳ ಹೊಲಿಗೆಯನ್ನು ಕನ್ನಡಕ ಹಾಕಿಕೊಂಡು ನೋಡಿ, "ಇದೂ ಒಂದು ಹೊಲಿಗೆನಾ" ಎಂದು ನಾಲ್ಕಕ್ಕೂ ಒಳಪಟ್ಟಿ ಕೊಟ್ಟು ಮತ್ತೆ ಹೊಲಿದಳು. ಹೊಲಿಗೆಯ ಗೆರೆಗೆ ಮೇಣದ ಬತ್ತಿ ಉಜ್ಜಿದಳು.

ಎಲ್ಲಿ ಕಟ್ಟುವುದು ಎನ್ನುವುದೇ ಪ್ರಶ್ನೆಯಾಯಿತು. ನಾನು ಪಿಯು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವನು. ನನ್ನ ಜೊತೆಯ ಲೆಕ್ಚರರ್ ಒಬ್ಬರು ಹ್ಯಾಂಡ್‌ಪೋಸ್ಟ್ ಕಡೆಯವರು. ಅವರ ಕೋಟೆ ತಾಲ್ಲೂಕಿನ ಕಾಡಂಚಿನಲ್ಲಿ ಎಲ್ಲಾದರೂ ಜಾಗ ಇದೆಯೇ ಎಂದು ಅವರನ್ನು ಕೇಳಿದೆ. "ಧಾರಾಳವಾಗಿದೆ ಸರ್. ಆನೆ ಮೊದಲು ಟಾರ್ಪಾಲು ನೋಡುತ್ತೆ, ಆಮೇಲೆ ನಿಮ್ಮನ್ನ ನೋಡುತ್ತೆ" ಎಂದರು. ಹಾಗಾಗಿ ನಮ್ಮ ಜಮೀನೇ ಸರಿ ಎಂದು ತೀರ್ಮಾನವಾಯಿತು.

ನಮ್ಮ ಜಮೀನು ರಾವಂದೂರಿನ ಹತ್ತಿರದ ಒಂದು ಹಳ್ಳಿಯಲ್ಲಿದೆ. ಅಪ್ಪ ಹೋದ ಮೇಲೆ ಅದನ್ನು ಮಾಡುತ್ತಿದ್ದವನು ನನ್ನ ಅಣ್ಣ. ಭಾಗ ಆಗಿರಲಿಲ್ಲ. ನಾನು ಕೇಳಿರಲಿಲ್ಲ, ಅವನು ಮಾತೆತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಎರಡು ಮೂಟೆ ರಾಗಿ, ಚಳಿಗಾಲದಲ್ಲಿ ಒಂದು ಚೀಲ ಅವರೆಕಾಯಿ ನಮ್ಮ ಮನೆಗೆ ಬರುತ್ತಿದ್ದವು. ಅದಕ್ಕಿಂತ ಹೆಚ್ಚಿನದನ್ನು ನಾನು ಯೋಚಿಸಿರಲಿಲ್ಲ.

ಏಪ್ರಿಲ್ ಕೊನೆ, ಭರಣಿ ಮಳೆ ಶುರುವಾಗುವ ಹೊತ್ತು. ಅಣ್ಣನಿಗೆ ಫೋನ್ ಮಾಡಿ, "ನಾಳೆ ಜಮೀನಿಗೆ ಬರ್ತೀವಿ ಅಣ್ಣ. ಅಲ್ಲೇ ಒಂದು ಟಾರ್ಪಾಲು ಹಾಕ್ಕೊಂಡು ಇರ್ತೀವಿ" ಎಂದೆ.



"ಬಾ. ಜಮೀನು ನಿಂದೂ ತಾನೆ" ಎಂದು ಇಟ್ಟುಬಿಟ್ಟ.

ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡೆ.

ಮರುದಿನ ಮಧ್ಯಾಹ್ನ ಸ್ಕೂಟರಿನಲ್ಲಿ ಹೋದೆವು. ಮೋಡ ಕವಿಯುತ್ತಿತ್ತು. ಮೊದಲು ಟಾರ್ಪಾಲು ಕಟ್ಟಿ ಆಮೇಲೆ ಮನೆಗೆ ಹೋಗೋಣ ಎಂದು ಅಣ್ಣನ ಮನೆಯ ಮುಂದಿನಿಂದಲೇ ನೇರ ಹೊಲಕ್ಕೆ ಹೋದೆವು. ಜಗಲಿಯ ಮೇಲೆ ಅತ್ತಿಗೆ ನಿಂತಿದ್ದರು. ನಾನು ಕೈ ಎತ್ತಿದೆ. ಅವರು ಎತ್ತಲಿಲ್ಲ.

ಹೊಲದ ಬೇಲಿಯ ಹತ್ತಿರ ಒಂದು ಹೊಂಗೆ ಮರ, ಸ್ವಲ್ಪ ದೂರದಲ್ಲಿ ಒಂದು ಸಿಲ್ವರ್ ಓಕ್. ನನ್ನ ಹೆಂಡತಿ ಬ್ಯಾಗಿನಿಂದ ಹೊಲಿಗೆಯ ಟೇಪು ತೆಗೆದು ಮರದಿಂದ ಮರಕ್ಕೆ ಅಳೆದಳು. ಮರದಿಂದ ಬದುವಿಗೆ ಅಳೆದಳು. ಬದುವಿನಿಂದ ಬೇಲಿಯ ಕಲ್ಲುಕಂಬಕ್ಕೆ ಅಳೆದಳು. ಟೇಪು ಚಿಕ್ಕದು, ಆದ್ದರಿಂದ ಐದು ಅಡಿಗೊಂದು ಸಲ ನಾನು ಬಗ್ಗಿ ಬೆರಳಿಟ್ಟುಕೊಂಡು, "ಒಂದು, ಎರಡು" ಎಂದು ಗಟ್ಟಿಯಾಗಿ ಎಣಿಸಬೇಕಿತ್ತು. ಅಳತೆಗಳನ್ನು ಅವಳು ಅಂಗಡಿಯ ಪುಸ್ತಕದಲ್ಲಿ ಬರೆದುಕೊಂಡಳು. ಹಗ್ಗ ಬರಬೇಕಾದ ಕಡೆ ಕಲ್ಲುಕಂಬದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದಳು.

ಪಕ್ಕದ ಹೊಲದಲ್ಲಿ ಊರಿನ ಹಿರಿಯರೊಬ್ಬರು ದನ ಮೇಯಿಸುತ್ತಿದ್ದರು. ನಮಗೆ ನೆಂಟರೇನಲ್ಲ. ಊರೆಲ್ಲ ಅವರನ್ನು ಮಾವ ಎಂದು ಕರೆಯುವುದರಿಂದ ನಮಗೂ ಮಾವ. ಅವರು ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದರು.

"ಏನ್ ಮಾಡ್ತಿದ್ದೀಯಪ್ಪ ಮೇಷ್ಟ್ರೇ?"

"ಅಳೀತಿದೀವಿ ಮಾವ. ಗೂಟ ಹೊಡೀಬೇಕು."

"ಮನೆ ಅದೆಯಲ್ಲಪ್ಪ ಊರೊಳ್ಗೆ?"

"ಮನೇಲಿ ಇರಕ್ಕಾಗಲ್ಲ ಮಾವ ಇವತ್ತು."

ಅವರು ದನಗಳನ್ನು ಅಲ್ಲೇ ಬಿಟ್ಟು ಊರ ಕಡೆ ಹೋದರು. ವಯಸ್ಸಾದವರು ಅಷ್ಟು ಬಿರುಸಾಗಿ ನಡೆಯುವುದನ್ನು ನಾನು ನೋಡಿರಲಿಲ್ಲ.

ನಾವು ಕೆಲಸಕ್ಕೆ ಇಳಿದೆವು. ಎರಡು ಮರದ ನಡುವೆ ಎದೆಯೆತ್ತರಕ್ಕೆ ಹಗ್ಗ ಬಿಗಿದು ಟಾರ್ಪಾಲನ್ನು ಅದರ ಮೇಲೆ ಹಾಕಿದೆವು. ಗಾಳಿ ಬರುವ ಕಡೆ ಬಟ್ಟೆ ನೆಲಕ್ಕೆ ತಗ್ಗಿರಬೇಕು, ಇನ್ನೊಂದು ಕಡೆ ಕೋಲು ಕೊಟ್ಟು ಎತ್ತಬೇಕು. ಗಾಳಿ ಎಲ್ಲಿಂದ ಬರುತ್ತದೆ ಎಂದು ಅವಳು ಕೇಳಿದಾಗ ನಾನು ಹದಿನೆಂಟು ವರ್ಷದ ಪಾಠದ ಅನುಭವದಿಂದ, "ನೈರುತ್ಯ" ಎಂದೆ. ಹಾಗಾಗಿ ಪಡುವಲ ಕಡೆ ತಗ್ಗಿಸಿ ಗೂಟ ಹೊಡೆದೆವು. ಮೂಡಲ ಕಡೆ ಎರಡು ಬಿದಿರು ಕೋಲು ನಿಲ್ಲಿಸಿ ಎತ್ತಿದೆವು. ಬಟ್ಟೆ ಎಲ್ಲೂ ಜೋಲದಂತೆ ಅವಳು ಮೂಲೆಮೂಲೆಯನ್ನು ಎಳೆದು ನೋಡಿದಳು. "ಒಂದು ಮೂಲೆ ಸ್ವಲ್ಪ ಇಳಿದಿರಲಿ, ನೀರು ಅಲ್ಲಿಂದ ಹೋಗಲಿ" ಎಂದಳು. ನೋಡಲು ಬಹಳ ಚೆನ್ನಾಗಿತ್ತು.

ಅಷ್ಟರಲ್ಲಿ ಅಣ್ಣ ಬಂದ. ಹೊಲಕ್ಕೆ ಬರುವ ಬಟ್ಟೆಯಲ್ಲಿರಲಿಲ್ಲ. ತಾಲ್ಲೂಕು ಆಫೀಸಿಗೆ ಹೋಗುವಾಗ ಹಾಕುವ ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಿಂದೆ ಫ್ಲಾಸ್ಕು, ಲೋಟಗಳನ್ನು ಹಿಡಿದ ಅತ್ತಿಗೆ. ಅವರ ಹಿಂದೆ ಮಾವ. ನಮ್ಮ ಕೆಲಸ ನೋಡಲು ಬಂದಿದ್ದಾರೆಂದು ನನಗೆ ಸಂತೋಷವಾಯಿತು. "ಬನ್ನಿ, ಒಳಗೆ ಬನ್ನಿ" ಎಂದೆ. ಎಲ್ಲರೂ ಟಾರ್ಪಾಲಿನ ಕೆಳಗೆ ಚಾಪೆಯ ಮೇಲೆ ಕೂತರು. ಅತ್ತಿಗೆ ಕಾಫಿ ಬಗ್ಗಿಸಿದರು. ನನ್ನ ಲೋಟವನ್ನು ಮುಂದೆ ಇಟ್ಟರು, ಕೈಗೆ ಕೊಡಲಿಲ್ಲ.

ಮಾವ ಟವೆಲ್ಲು ಹೆಗಲಿಂದ ತೆಗೆದು ತೊಡೆಯ ಮೇಲೆ ಹಾಕಿಕೊಂಡರು. "ನೋಡಪ್ಪ, ಮನ್ಸಲ್ಲಿರೋದ್ನ ಬಾಯ್ಬುಟ್ಟು ಏಳ್ಬುಡು. ಮುಚ್ಚುಮರೆ ಬ್ಯಾಡ. ನಿಂಗೆ ಯಾವ್ ಕಡೆ ಬೇಕು?"

ನಾನು ಟಾರ್ಪಾಲನ್ನು ತೋರಿಸಿದೆ. "ಪಡುವಲ ಕಡೆ ಪೂರ್ತಿ ತಗ್ಗಿಸಿಬಿಟ್ಟಿದೀವಿ ಮಾವ. ಮೂಡಲ ಕಡೆ ನಮಗೆ ಬಿಟ್ಕೊಂಡಿದೀವಿ."

ಅಣ್ಣನ ಮುಖ ಇಳಿಯಿತು. "ಮೂಡ್ಲ ಕಡೆ ಪೂರ್ತಿನಾ?"

"ಪೂರ್ತಿ ಅಣ್ಣ. ಅಡ್ಡ ಏನೂ ಇರಬಾರದು."

"ಬೋರು?"

ಬೋರ್‌ವೆಲ್ ಮೂಡಲ ಕಡೆ ಇತ್ತು. "ಬೋರು ಇದ್ರೆ ಇರಲಿ ಬಿಡು, ನಮಗೇನೂ ತೊಂದರೆಯಿಲ್ಲ" ಎಂದೆ.

ಮಾವ ಅಣ್ಣನ ಕಡೆ ತಿರುಗಿ, "ಓದಿದೋರು ಕಣಪ್ಪ. ನೋವಾಗ್ದಂಗೆ ಕುಯ್ತಾರೆ" ಎಂದರು.

ನನಗೆ ಅರ್ಥವಾಗಲಿಲ್ಲ. ಹೆಂಡತಿ ಸಹಾಯಕ್ಕೆ ಬಂದಳು. "ಭಾವ, ಅಳತೆಯೆಲ್ಲ ಸರಿಯಾಗಿ ತಗೊಂಡಿದೀನಿ. ಬೇಕಾದ್ರೆ ನೋಡಿ" ಎಂದು ಪುಸ್ತಕ ಕೊಟ್ಟಳು. ಮಾವ ಅದನ್ನು ಕಣ್ಣಿಗೆ ದೂರ ಹಿಡಿದು ಓದಿದರು. "ಎದೆ ಮೂವತ್ತಾರು, ತೋಳು ಒಂಬತ್ತು... ಇದ್ಯಾವ ಸರ್ವೆನಂಬ್ರು?"

"ಅದು ಹಿಂದಿನ ಪುಟ. ಯಾರದೋ ರವಿಕೆ."

"ಸರ್ವೆನಂಬ್ರು" ಎನ್ನುವ ಮಾತು ಕಿವಿಗೆ ಬಿದ್ದಾಗ ನನ್ನ ತಲೆಗೆ ಹೊಳೆಯಿತು. ನಿನ್ನೆಯ ಫೋನು, ಬಿಳಿ ಅಂಗಿ, ಕೈಗೆ ಕೊಡದ ಲೋಟ, ಎಲ್ಲ ಒಟ್ಟಿಗೆ. ಇವರು ಪಂಚಾಯ್ತಿಗೆ ಕೂತಿದ್ದಾರೆ. ನಾನು ನನ್ನ ಭಾಗಕ್ಕೆ ಗುಡಿಸಲು ಹಾಕಿ ಕೂತಿದ್ದೇನೆ.  "ಅಯ್ಯೋ ಅಣ್ಣ, ಹಾಗಲ್ಲ" ಎನ್ನಲು ಬಾಯಿ ತೆರೆದೆ.

ಆಗ ಗಾಳಿ ಬಂತು. ಮೂಡಲಿಂದ ಬಂತು.

ಮುಂಗಾರಿಗೆ ಮುಂಚಿನ ಮಳೆ ನಮ್ಮ ಕಡೆ ಹೆಚ್ಚಾಗಿ ಮೂಡಲಲ್ಲೇ ಏಳುತ್ತದೆಂದು ಊರಿನ ಎಲ್ಲರಿಗೂ ಗೊತ್ತಿತ್ತು. ಪಠ್ಯಪುಸ್ತಕಕ್ಕೆ ಗೊತ್ತಿರಲಿಲ್ಲ. ನಾವು ಬಾಗಿಲಂತೆ ತೆರೆದಿಟ್ಟಿದ್ದ ಕಡೆಯಿಂದಲೇ ಅದು ಒಳನುಗ್ಗಿತು. ಟಾರ್ಪಾಲು ಬಸುರಿಯ ಹೊಟ್ಟೆಯಂತೆ ಉಬ್ಬಿತು. ಬಿದಿರು ಕೋಲೊಂದು ಹಾರಿ ಹೋಯಿತು. ಪಡುವಲ ಕಡೆಯ ಗೂಟಗಳು ಉತ್ತ ಮಣ್ಣಿನಿಂದ ಬದನೆಗಿಡ ಕಿತ್ತಂತೆ ಒಂದೊಂದಾಗಿ ಎದ್ದವು. ಕಾಫಿ ಲೋಟಗಳು ಉರುಳಿದವು.

"ಇಡ್ಕಳ್ರೋ!" ಎಂದು ಮಾವ ಕೂಗಿದರು.

ಐದು ಜನ ಐದು ಕಡೆ ಹಿಡಿದೆವು. ಅತ್ತಿಗೆ ಒಂದು ಮೂಲೆಗೆ ಜೋತುಬಿದ್ದರು. ಗಾಳಿ ಅವರನ್ನು ಎರಡು ಹೆಜ್ಜೆ ಎಳೆಯಿತು, ಅವರು ಗಾಳಿಯನ್ನು ಮೂರು ಹೆಜ್ಜೆ ಎಳೆದರು. ಮಾವನದು ಹುಲ್ಲಿನ ಮೆದೆ ಒಟ್ಟಿದ ಕೈ. "ಮೂಡ್ಲ ಕಡೆ ಬೀಳ್ಸು! ಕೋಲು ಕೀಳು! ನೆಲಕ್ಕೆ ಕಚ್ಸು!" ಎಂದು ಅಪ್ಪಣೆ ಕೊಡತೊಡಗಿದರು. ಹೆಂಡತಿ ಉಳಿದ ಕೋಲು ಕಿತ್ತು ಬಟ್ಟೆಯ ಅಂಚನ್ನು ನೆಲಕ್ಕೆ ಒತ್ತಿ ಅದರ ಮೇಲೆ ಕೂತಳು. ಅಣ್ಣ ಹಗ್ಗವನ್ನು ಬೇಲಿಯ ಕಲ್ಲುಕಂಬದ ಬುಡಕ್ಕೆ ಸುತ್ತಿ, ಟ್ರ್ಯಾಕ್ಟರಿಗೆ ಹುಲ್ಲಿನ ಲೋಡು ಬಿಗಿಯುವ ಕುಣಿಕೆ ಹಾಕಿ, ಕಾಲು ಕೊಟ್ಟು ಎಳೆದ. ನಾನು ಅವನ ಹಿಂದೆ ಅದೇ ಹಗ್ಗ ಹಿಡಿದಿದ್ದೆ. ಮಳೆ ಶುರುವಾಯಿತು.

"ಅಣ್ಣ, ನಂಗೆ ಜಮೀನು ಬೇಡ ಕಣಣ್ಣ!" ಎಂದು ಕೂಗಿದೆ.

"ಎಳ್ಯೋ ಮೊದ್ಲು!"

ಎಳೆದೆ. "ನಾನು ಭಾಗ ಕೇಳಕ್ಕೆ ಬಂದಿಲ್ಲ!"

"ಮತ್ಯಾಕ್ಲಾ ಗೂಟ ಒಡ್ದೆ?"

"ಮಳೆ ನೋಡಕ್ಕೆ!"

ಅವನು ಹಗ್ಗ ಬಿಡದೆ ತಿರುಗಿ ನೋಡಿದ. ಬಿಳಿ ಅಂಗಿ ಮೈಗೆ ಅಂಟಿತ್ತು. "ಮಳೆ ನೋಡಕ್ಕಾ? ಯಾಕೆ, ಉಣಸೂರಲ್ಲಿ ಉಯ್ಯಕಿಲ್ವ?"

ನಾನು ಮತ್ತೆ ಹಗ್ಗ ಎಳೆದೆ. 

ಟಾರ್ಪಾಲು ನಿಂತಿತು. ಮೂಡಲ ಕಡೆ ನೆಲಕ್ಕೆ ಕಚ್ಚಿ, ಪಡುವಲ ಕಡೆ ಮೊಣಕಾಲೆತ್ತರ ತೆರೆದು, ನೋಡಲು ಕೋಳಿ ಮುಚ್ಚುವ ಮಂಕರಿಯಂತೆ. ನಾವು ಐವರೂ ತೆವಳಿಕೊಂಡು ಒಳಗೆ ಹೋಗಿ, ತಲೆ ಬಗ್ಗಿಸಿ, ಮೊಣಕಾಲು ಎದೆಗೆ ಕೊಟ್ಟು ಕೂತೆವು. ಹೊರಗೆ ನಾಲ್ಕಾರು ಆಲಿಕಲ್ಲು ಕೂಡ ಬಿದ್ದವು. ನನ್ನ ಹೆಂಡತಿ ತಾನು ಹೊಲಿದ ಮೂಲೆಯನ್ನು ಮುಟ್ಟಿ ನೋಡಿ, "ಬಿಟ್ಟಿಲ್ಲ" ಎಂದಳು.

ನಾನು ವಿಡಿಯೋದ ವಿಷಯ, ಶೀಟಿನ ಸದ್ದಿನ ವಿಷಯ ಎಲ್ಲ ಹೇಳಿದೆ. ಯಾರೂ ನಗಲಿಲ್ಲ. ಅತ್ತಿಗೆ ಆ ದಿನ ಮೊದಲ ಬಾರಿಗೆ ಮಾತಾಡಿದರು.

"ಮನೆ ಮುಂದ್ಲಿಂದ್ಲೇ ಗಾಡಿ ಓಯ್ತು. ಒಂದು ಲೋಟ ನೀರು ಕುಡ್ಯಕೆ ಇಳೀನಿಲ್ಲ. ಬೆಳಿಗ್ಗೆಯಿಂದ ನಿಮ್ಗೆ ಅಂತ ಬಸ್ಸಾರು ಮಾಡ್ಕಂಡು ಕೂತಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡರು. ಮಳೆ ನೀರೋ ಏನೋ.

ನನ್ನ ಹೆಂಡತಿ ಕೂತಲ್ಲಿಂದಲೇ ಅವರ ಕೈ ಹಿಡಿದುಕೊಂಡಳು. "ತಪ್ಪಾಯ್ತು ಅಕ್ಕ. ಮೋಡ ನೋಡಿ ಓಡಿಬಂದ್ವಿ."

 ಅಣ್ಣ ಅಂಗಿಯ ಒಳಗೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಕವರು ತೆಗೆದ. ಅದರೊಳಗೆ ಇನ್ನೊಂದು ಕವರು. ಅದರೊಳಗೆ ಪಹಣಿ, ಜಮೀನಿನ ನಕ್ಷೆ. ನಕ್ಷೆಯ ನಡುವೆ ಪೆನ್ಸಿಲ್ಲಿನಲ್ಲಿ ನೇರವಾದ ಒಂದು ಗೆರೆ. ಕಾಗದ ಮಡಿಕೆಗಳಲ್ಲಿ ಸವೆದಿತ್ತು.

"ಅಪ್ಪ ತೀರ್ಕಂಡ್ ವರ್ಷಾನೇ ಬರ್ಸಿದ್ದೆ" ಎಂದ. "ನಾನೇ ಎತ್ತಿದ್ರೆ, ತಮ್ಮನ್ನ ಓಡುಸ್ತಾವ್ನೆ ಅಂತಾರೆ. ನೀನಾಗ್ ಕೇಳ್ಳಿ ಅಂತ ಕಾಯ್ತಿದ್ದೆ. ನೀನು ಕೇಳ್ನಿಲ್ಲ. ನಿಂದು ನಿನ್ ಎಸ್ರಿಗೆ ಆಗ್ದೆ ನಂಗೆ ನೆಮ್ಮದಿ ಇಲ್ಲ ಕಣ್ಲಾ. ನಾಳೆ ನಂಗೇನಾರ ಆದ್ರೆ?"

 ಕೇಳದಿರುವುದು ನನ್ನ ದೊಡ್ಡತನ ಎಂದು ಇಷ್ಟು ವರ್ಷ ತಿಳಿದಿದ್ದೆ. ಅದು ಅವನ ಎದೆಯ ಮೇಲೆ ಕೂತಿತ್ತು.

"ಅವ್ನು ಕೇಳಾಕಿಲ್ಲ, ನೀನು ಏಳಾಕಿಲ್ಲ" ಎಂದರು ಮಾವ. "ಕೂತ ಪಂಚಾಯ್ತಿ ಬರಿಗೈಲಿ ಏಳ್ಬಾರ್ದು ಕಣ್ರಪ್ಪ. ಮಳೇಲಿ ನೆಂದಿವ್ನಿ, ದನ ಎತ್ಲಾಗ್ ಓದ್ವೋ ಗೊತ್ತಿಲ್ಲ. ಇವತ್ತೇ ಮಾತು ಆಗ್ಬುಡ್ಲಿ."

ತಲೆಯನ್ನು ಬಟ್ಟೆ ಒತ್ತುತ್ತಿತ್ತು. ಎದ್ದು ಹೋಗಲು ಯಾರಿಗೂ ಸಾಧ್ಯವಿರಲಿಲ್ಲ, ಆದ್ದರಿಂದ ಜಗಳಕ್ಕೂ ಅವಕಾಶವಿರಲಿಲ್ಲ. ಅಣ್ಣ ನಕ್ಷೆಯ ಮೇಲೆ ಬೆರಳಿಟ್ಟು ಮೂಡಲ ಕಡೆ ನನಗೆ ಎಂದ. ನಾನು ಬೇಡವೆಂದೆ. ಅವನು ಹಟ ಹಿಡಿದ. ನಾನೂ ಹಿಡಿದೆ. ಇಬ್ಬರೂ ಒಳ್ಳೆಯ ಭಾಗವನ್ನು ಒಬ್ಬರ ಮೇಲೊಬ್ಬರು ತಳ್ಳತೊಡಗಿದಾಗ ಮಾವನಿಗೆ ಸಿಟ್ಟು ಬಂತು. "ಇಂಥಾ ಪಂಚಾಯ್ತಿ ನಾನು ಮಾಡೇ ಇಲ್ಲ!" ಕೊನೆಗೆ ಬೋರು ಇಬ್ಬರಿಗೂ ಜಂಟಿ, ಮೂಡಲ ಕಡೆ ಅಣ್ಣನಿಗೆ, ಪಡುವಲ ಕಡೆ ನನಗೆ, ಉಳುಮೆ ಮಾತ್ರ ಎರಡೂ ಕಡೆ ಅವನದೇ ಎಂದು ತೀರ್ಮಾನವಾಯಿತು. ಹೆಂಡತಿ ಅದನ್ನೂ ಅಳತೆ ಪುಸ್ತಕದಲ್ಲಿ ಬರೆದಳು. ಮಾವ ಅದರ ಕೆಳಗೆ ರುಜು ಹಾಕಿದರು.

ಮುಕ್ಕಾಲು ಗಂಟೆಯಲ್ಲಿ ಮಳೆ ನಿಂತಿತು. ಮಾವನ ದನಗಳು ಆಗಲೇ ಊರು ಸೇರಿದ್ದವು. ನಾವು ಮನೆಗೆ ಹೋಗಿ ಬಟ್ಟೆ ಬದಲಿಸಿ ಮುದ್ದೆ, ಬಸ್ಸಾರು ಉಂಡೆವು. ಅತ್ತಿಗೆ ನನಗೆ ಬೇಡವೆಂದರೂ ಎರಡನೇ ಮುದ್ದೆ ಇಕ್ಕಿದರು. ಮಳೆಯ ಸದ್ದು ಹೇಗಿತ್ತು ಎಂದು ಹೆಂಡತಿಯನ್ನು ಕೇಳಿದೆ. "ನೀವೆಲ್ಲ ಬಾಯಿ ಮುಚ್ಚಿದ್ರೆ ತಾನೆ ಕೇಳಿಸೋದು" ಎಂದಳು.

ಅವತ್ತು ಅಲ್ಲೇ ಉಳಿದೆವು. ಅಣ್ಣ ದಿನವೂ ಐದಕ್ಕೆ ಏಳುವವನು. ಬೆಳಿಗ್ಗೆ ನಾನು ಎದ್ದು ಹೊರಗೆ ಬಂದಾಗ ಏಳೂವರೆ ದಾಟಿತ್ತು. ಹಸುಗಳು ಕೊಟ್ಟಿಗೆಯಲ್ಲಿ ಕೂಗುತ್ತಿದ್ದವು. ಅತ್ತಿಗೆ ಹಾಲಿನ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಇನ್ನೂ ಎದ್ದಿಲ್ಲ" ಎಂದು ಪಿಸುಗುಟ್ಟಿದರು. "ಯಾವತ್ತೂ ಇಂಗೆ ಮಲಗ್ದೋರಲ್ಲ. ಉಸಿರಾಡ್ತಾವ್ರೆ, ನೋಡ್ದೆ. ಎಬ್ಬುಸ್ಲಾ, ಬ್ಯಾಡ್ವಾ?"

ಬೇಡ, ನೆಮ್ಮದಿಯಾಗಿ ಮಲಗಲಿ ಎಂದೆ. ಹಾಲು ಕರೆಯಲು ನಾವಿಬ್ಬರೇ ಕೊಟ್ಟಿಗೆಗೆ ಹೋದೆವು.